ಸ್ವಯಂಸೇವಕರು ಉಳಿಯುವುದು ಹೇಗೆ? ಆಶಾ ವ್ಯವಸ್ಥೆಯ ಪಾಠ

ಸೇವೆಗೆ ಜನ ಬರುತ್ತಾರೆ, ಆದರೆ ಉಳಿಯುವುದಿಲ್ಲ ಎಂಬ ಮಾತು ಎಲ್ಲ ಸಂಘಗಳಲ್ಲೂ ಕೇಳಿಬರುತ್ತದೆ. ತಪ್ಪು ಯಾವಾಗಲೂ ವ್ಯಕ್ತಿಯದ್ದಲ್ಲ. ಎಷ್ಟೋ ಸಲ ಹೊಣೆಯನ್ನು ರೂಪಿಸಿದ ರೀತಿಯದ್ದು. ಆಶಾ ಕಾರ್ಯಕರ್ತೆಯರ ವ್ಯವಸ್ಥೆ ಇದಕ್ಕೆ ಉದಾಹರಣೆ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳನ್ನು ಗಮನದಲ್ಲಿಟ್ಟು ಅದನ್ನು ನೋಡೋಣ.

ಆಯ್ಕೆ: 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಸುಮಾರು 1,000 ಜನರಿಗೆ ಒಬ್ಬ ಆಶಾ ಎಂದು ನಿಗದಿಪಡಿಸಿತು. ಅದೇ ಊರಿನಲ್ಲಿ ವಾಸಿಸುವ, 25ರಿಂದ 45 ವರ್ಷದ ವಿವಾಹಿತೆ, ವಿಧವೆ ಅಥವಾ ವಿಚ್ಛೇದಿತೆಗೆ ಆದ್ಯತೆ. ಕಾರಣ ಸರಳ: ಊರಿನ ಮಗಳು ಮದುವೆಯಾಗಿ ಹೋಗುತ್ತಾಳೆ, ಸೊಸೆ ಉಳಿಯುತ್ತಾಳೆ. ಉಳಿಯುವವರನ್ನೇ ಆರಿಸುವುದು ಮೊದಲ ಜಾಣತನ.

ಕೆಲಸದ ಸ್ಪಷ್ಟತೆ: ಆಸ್ಪತ್ರೆಯಲ್ಲಿ ಹೆರಿಗೆಯಾದ ಬಾಣಂತಿ ಹಾಗೂ ಮಗುವನ್ನು 3, 7, 14, 21, 28 ಮತ್ತು 42ನೇ ದಿನ ಮನೆಗೆ ಹೋಗಿ ನೋಡಬೇಕು. ಮಗುವಿನ ತೂಕ, ಮೈಬಿಸಿ, ಹಾಲೂಡಿಸುವಿಕೆ ಗಮನಿಸಬೇಕು. ಆರು ಭೇಟಿ ಮುಗಿದರೆ 250 ರೂ. ಪ್ರೋತ್ಸಾಹಧನ. ಏನು, ಯಾವಾಗ, ಎಷ್ಟು ಎಂಬುದರಲ್ಲಿ ಗೊಂದಲವಿಲ್ಲ. ತರಬೇತಿಯೂ ಇದೆ.

ಬಿರುಕು ಬಿದ್ದದ್ದೆಲ್ಲಿ: ಈ ತಾಲೂಕುಗಳಿಂದ ಅನೇಕ ಕುಟುಂಬಗಳು ಗೋವಾ, ಮಹಾರಾಷ್ಟ್ರಕ್ಕೆ, ನಮ್ಮ ಕರಾವಳಿಯ ಕಟ್ಟಡ ಕೆಲಸಗಳಿಗೂ ಗುಳೆ ಹೋಗುತ್ತವೆ. ಬಾಣಂತಿ ಮಧ್ಯದಲ್ಲೇ ಊರು ಬಿಟ್ಟರೆ ಭೇಟಿಗಳ ಲೆಕ್ಕ ಪೂರ್ಣವಾಗದು. ಹೊಲದ ವಸತಿಗಳಲ್ಲಿರುವ ಮನೆಗಳಿಗೆ ಮಳೆಗಾಲದಲ್ಲಿ ಎರೆಮಣ್ಣಿನ ಹಾದಿ ತುಳಿದು ಹೋಗಬೇಕು. ನಡೆದ ದೂರಕ್ಕೆ ಲೆಕ್ಕವಿಲ್ಲ, ಮುಗಿದ ಕೆಲಸಕ್ಕೆ ಮಾತ್ರ ಲೆಕ್ಕ.

ಜೊತೆಗೆ ಸಮೀಕ್ಷೆಗಳು ಸೇರಿಕೊಂಡವು. 2020ರ ಕೋವಿಡ್ ಕಾಲದಲ್ಲಿ ಮನೆಮನೆ ಸುತ್ತಿದವರೂ ಇವರೇ. ಕೆಲಸ ಬೆಳೆಯಿತು, ಸ್ವಯಂಸೇವಕಿ ಎಂಬ ಹೆಸರು ಹಾಗೇ ಉಳಿಯಿತು. ಆ ವರ್ಷದ ಜುಲೈಯಲ್ಲಿ ರಾಜ್ಯದ ಆಶಾಗಳು 12,000 ರೂ. ನಿಶ್ಚಿತ ಗೌರವಧನ ಕೇಳಿ ಮುಷ್ಕರ ಹೂಡಿದರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳನ್ನು ಗೌರವಿಸಿತು. ಆದರೂ 2025ರ ಜನವರಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಅಹೋರಾತ್ರಿ ಕೂರಬೇಕಾಯಿತು. ತಿಂಗಳಿಗೆ ಕನಿಷ್ಠ 10,000 ರೂ. ಭರವಸೆ ಸಿಕ್ಕಿದ ಮೇಲೆ ಧರಣಿ ಮುಗಿಯಿತು. ಸನ್ಮಾನ ಸಂತೋಷ ಕೊಡುತ್ತದೆ, ಹೊರೆ ಇಳಿಸುವುದಿಲ್ಲ.

ನಮಗೇನು: ವಾಳೆಯ ಗುರಿಕಾರರು, ಧರ್ಮಶಿಕ್ಷಣ ನೀಡುವವರು ಸಂಬಳ ಕೇಳುವವರಲ್ಲ. ಆದರೆ ಅವರಿಗೂ ಮಿತಿ ಬೇಕು. ಒಬ್ಬರನ್ನು ಕರೆಯುವ ಮೊದಲು ನಾಲ್ಕು ವಿಷಯ ಬರೆದಿಡೋಣ: ಕೆಲಸವೇನು, ವಾರಕ್ಕೆ ಎಷ್ಟು ಹೊತ್ತು, ಎಷ್ಟು ವರ್ಷ, ಕಷ್ಟವಾದರೆ ಯಾರನ್ನು ಕೇಳಬೇಕು. ಓಡಾಟದ ಖರ್ಚು ಅವರ ಕೈಯಿಂದ ಹೋಗದಿರಲಿ. ಹೊಸ ಕೆಲಸ ಸೇರಿಸುವಾಗ ಹಳೆಯದೊಂದನ್ನು ಇಳಿಸೋಣ. ಒಪ್ಪಿಕೊಂಡವರ ಮೇಲೆಯೇ ಎಲ್ಲವನ್ನೂ ಹೊರಿಸಿದರೆ, ಮುಂದಿನ ವರ್ಷ ಒಪ್ಪಿಕೊಳ್ಳಲು ಯಾರೂ ಇರಲಾರರು.