ಹನ್ನೆರಡು ಕುದುರೆಗಳ ಸಂಸಾರ

ಏಳನೆಯ ತರಗತಿಗೆ ರೈಟ್ ಸೋದರರ ಕಥೆ ಹೇಳಿ ಮುಗಿಸಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಟೀಚರ್, ಅವರು ಸೈಕಲ್ ಅಂಗಡಿಯವರು ಅಂದ್ರಿ. ಮತ್ತೆ ವಿಮಾನದ ಇಂಜಿನಿಗೆ ದುಡ್ಡು ಯಾರು ಕೊಟ್ರು?" ನನಗೆ ಉತ್ತರ ಗೊತ್ತಿರಲಿಲ್ಲ. ನಾಳೆ ಹೇಳುತ್ತೇನೆ ಎಂದೆ. ಆ ನಾಳೆ ಬರಲು ಹದಿನೈದು ದಿನ ಬೇಕಾಯಿತು. ಓದುತ್ತ ಹೋದಂತೆ ಇದು ಇಂಜಿನಿನ ಕಥೆ ಮಾತ್ರವಲ್ಲ, ಕೈಯಲ್ಲಿದ್ದುದರಲ್ಲೇ ಸಂಸಾರ ತೂಗಿಸಿದವರ ಕಥೆಯೂ ಹೌದು ಎನ್ನಿಸಿತು.

ಅಮೆರಿಕದ ಡೇಟನ್ ಊರಿನ ವಿಲ್ಬರ್ ಮತ್ತು ಆರ್ವಿಲ್ 1902ರ ಹೊತ್ತಿಗೆ ಇಂಜಿನಿಲ್ಲದ ಗ್ಲೈಡರಿನಲ್ಲಿ ನೂರಾರು ಸಲ ತೇಲಿ, ಗಾಳಿಯಲ್ಲಿ ಹಿಡಿತ ಸಾಧಿಸುವುದನ್ನು ಕಲಿತಿದ್ದರು. ಇನ್ನು ಬೇಕಾದದ್ದು ಇಂಜಿನು. ಅವರ ಲೆಕ್ಕದಲ್ಲಿ 8 ಅಶ್ವಶಕ್ತಿ ಸಾಕಿತ್ತು, ಆದರೆ ತೂಕ 200 ಪೌಂಡು, ಅಂದರೆ ಸುಮಾರು 90 ಕಿಲೋ ಮೀರಬಾರದು. ಒಂದು ಅಶ್ವಶಕ್ತಿ ಎಂದರೆ 75 ಕಿಲೋದ ಮೂಟೆಯನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತುವಷ್ಟು ಬಲ. ಈಗ ನಮ್ಮ ಹೆಣ್ಣುಮಕ್ಕಳು ಓಡಿಸುವ 110 ಸಿಸಿ ಸ್ಕೂಟರಿನಲ್ಲಿಯೂ ಹೆಚ್ಚುಕಡಿಮೆ 8 ಅಶ್ವಶಕ್ತಿಯೇ ಇರುತ್ತದೆ! ಆದರೆ ಆ ಕಾಲದ ಇಂಜಿನುಗಳು ಬಲು ಭಾರ. ಹಲವು ತಯಾರಕರಿಗೆ ಕಾಗದ ಬರೆದರೂ ತಕ್ಕ ಇಂಜಿನು ಸಿಗಲಿಲ್ಲ. ಕೊನೆಗೆ ತಾವೇ ಮಾಡಿಕೊಳ್ಳುವುದೆಂದು ನಿಶ್ಚಯಿಸಿದರು.

ಮಾಡಿದವನು ಅವರ ಅಂಗಡಿಯ ಕೆಲಸಗಾರ ಚಾರ್ಲಿ ಟೇಲರ್. ಪೆಟ್ರೋಲ್ ಇಂಜಿನಿನಲ್ಲಿ ಅವನಿಗಿದ್ದ ಅನುಭವ ಒಮ್ಮೆ ಒಂದು ಕಾರಿನ ರಿಪೇರಿಗೆ ಕೈಹಾಕಿದ್ದು ಮಾತ್ರ. ಕಾಗದದ ಚೂರುಗಳ ಮೇಲೆ ಗೀಚಿದ ಚಿತ್ರಗಳನ್ನು ನೋಡಿಕೊಂಡು, ಒಂದು ಲೇತು ಮತ್ತು ರಂಧ್ರ ಕೊರೆಯುವ ಯಂತ್ರದಲ್ಲಿ ಆರು ವಾರಗಳಲ್ಲಿ ಕೆಲಸ ಮುಗಿಸಿದ. ಉಕ್ಕಿನ ದಪ್ಪ ತುಂಡಿನ ಮೇಲೆ ಕ್ರ್ಯಾಂಕ್ ಶಾಫ್ಟಿನ ಆಕಾರ ಬರೆದು, ಗೆರೆಯುದ್ದಕ್ಕೂ ರಂಧ್ರ ಕೊರೆದು, ಬೇಡದ್ದನ್ನು ಉಳಿ ಸುತ್ತಿಗೆಯಿಂದ ಒಡೆದು ತೆಗೆದ.

ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಕೈ ಬಿಗಿಹಿಡಿಯಬೇಕು ಎಂಬುದು ಅವರಿಗೆ ಚೆನ್ನಾಗಿ ತಿಳಿದಿತ್ತು. ಇಂಜಿನಿನ ಹೊರಮೈಯನ್ನು ಕಬ್ಬಿಣದ ಬದಲು ಹಗುರವಾದ ಅಲ್ಯುಮಿನಿಯಂನಲ್ಲಿ ಎರಕ ಹೊಯ್ಯಿಸಿದರು. ಉಳಿದದ್ದೆಲ್ಲ ಸರಳ. ನಾಲ್ಕು ಸಿಲಿಂಡರು, ಒಂದೊಂದರ ಒಳವ್ಯಾಸ 4 ಇಂಚು. ಇಂಧನದ ಪಂಪಿಲ್ಲ, ಸ್ಪಾರ್ಕ್ ಪ್ಲಗ್ ಇಲ್ಲ, ನಾವು ಕಾಣುವಂಥ ಕಾರ್ಬ್ಯುರೇಟರೂ ಇಲ್ಲ. ಪೆಟ್ರೋಲು ಮೇಲಿನಿಂದ ತಾನಾಗಿ ಇಳಿದು, ಬಿಸಿಗೆ ಆವಿಯಾಗಿ ಒಳಗೆ ಹೋಗುತ್ತಿತ್ತು. 1903ರ ಫೆಬ್ರವರಿಯಲ್ಲಿ ಓಡಿಸಿ ನೋಡಿದರು. ಮರುದಿನವೇ ಬೇರಿಂಗು ಬಿಗಿದು ಹೊರಮೈ ಒಡೆಯಿತು. ಮತ್ತೆ ಎರಕ, ಮತ್ತೆ ಎರಡು ತಿಂಗಳ ಕಾಯುವಿಕೆ. ಆಮೇಲೆ ಸಿಕ್ಕಿದ್ದು 12 ಅಶ್ವಶಕ್ತಿ. ತೂಕ ಸುಮಾರು 82 ಕಿಲೋ.

ನಿರೀಕ್ಷೆಗಿಂತ ಹೆಚ್ಚು ಬಂದ ಆ ಶಕ್ತಿಯನ್ನು ಅವರು ವೇಗಕ್ಕೆಂದು ಸುರಿಯಲಿಲ್ಲ. ಅದರ ಬಲದಿಂದ ವಿಮಾನದ ತೂಕ ಸ್ವಲ್ಪ ಹೆಚ್ಚಿಸಿ ರೆಕ್ಕೆಗಳನ್ನು ಗಟ್ಟಿಮಾಡಿಕೊಂಡರು. ಪ್ರೊಪೆಲ್ಲರನ್ನು ತಿರುಗುವ ರೆಕ್ಕೆಯೆಂದೇ ತಿಳಿದು ಲೆಕ್ಕ ಹಾಕಿ ಕೆತ್ತಿದ್ದರಿಂದ ಇಂಜಿನಿನ ಶಕ್ತಿಯ ಮುಕ್ಕಾಲು ಪಾಲು ಕೆಲಸಕ್ಕೆ ಬಂತು. ಸೋರುವ ಕೊಡಕ್ಕೆ ಇನ್ನಷ್ಟು ನೀರು ಸುರಿಯುವ ಬದಲು ತೂತನ್ನು ಮುಚ್ಚುವ ಜಾಣತನ ಇದು.

ಅದೇ ವರ್ಷ ವಾಷಿಂಗ್ಟನ್ನಿನಲ್ಲಿ ವಿಜ್ಞಾನಿ ಲ್ಯಾಂಗ್ಲಿಯವರೂ ವಿಮಾನ ಕಟ್ಟಿದ್ದರು. ಯುದ್ಧ ಇಲಾಖೆ ಅವರಿಗೆ 50,000 ಡಾಲರ್ ಕೊಟ್ಟಿತ್ತು. ಅವರ ಸಹಾಯಕ ಮ್ಯಾನ್ಲಿ ಸಿದ್ಧಗೊಳಿಸಿದ ಇಂಜಿನಿಗೆ 52 ಅಶ್ವಶಕ್ತಿ. ಆ ಕಾಲಕ್ಕೆ ಅದು ನಿಜಕ್ಕೂ ಅದ್ಭುತ. ಆದರೆ ಅಕ್ಟೋಬರ್ 7 ಮತ್ತು ಡಿಸೆಂಬರ್ 8ರಂದು ಎರಡು ಸಲವೂ ವಿಮಾನ ನದಿಗೆ ಬಿತ್ತು. ಒಂಬತ್ತು ದಿನ ಕಳೆದು, ಡಿಸೆಂಬರ್ 17ರಂದು, ಕಿಟ್ಟಿ ಹಾಕ್ ಬಳಿಯ ಮರಳಿನ ಮೇಲೆ ಹನ್ನೆರಡು ಕುದುರೆಗಳ ವಿಮಾನ ಹನ್ನೆರಡು ಸೆಕೆಂಡು ಹಾರಿತು. ಅಂದಿನ ಕೊನೆಯ ಹಾರಾಟ 59 ಸೆಕೆಂಡು, 852 ಅಡಿ. ಒಟ್ಟು ಖರ್ಚು 1,000 ಡಾಲರಿಗೂ ಕಡಿಮೆ. ಎಲ್ಲವೂ ಸೈಕಲ್ ವ್ಯಾಪಾರದ ಗಳಿಕೆ.

ಈ ಕಥೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದವಳು ಇನ್ನೊಬ್ಬಳು, ಅವರ ತಂಗಿ ಕ್ಯಾಥರೀನ್. ಅವಳೂ ನನ್ನ ಹಾಗೆ ಶಾಲಾ ಶಿಕ್ಷಕಿ. 1898ರಲ್ಲಿ ಕಾಲೇಜು ಮುಗಿಸಿ, ಡೇಟನ್ನಿನ ಹೈಸ್ಕೂಲಿನಲ್ಲಿ ಲ್ಯಾಟಿನ್ ಕಲಿಸುತ್ತಿದ್ದಳು. ರೆಕ್ಕೆಯ ಬಟ್ಟೆ ಹೊಲಿದವಳು ಅವಳೇ, ಸಂಬಳ ಕೊಟ್ಟವಳೂ ಅವಳೇ ಎಂದು ಕಥೆ ಕಟ್ಟುವವರುಂಟು. ಅದು ನಿಜವಲ್ಲ. 1902ರಲ್ಲಿ ಹೊಲಿಗೆ ಯಂತ್ರ ತಿರುಗಿಸಿದವನು ಸ್ವತಃ ವಿಲ್ಬರ್. ಆರ್ವಿಲ್ ಕೆಳಗೆ ಕುಳಿತು ಗುರುತು ಹಾಕಿಕೊಡುತ್ತಿದ್ದ. ಅಣ್ಣಂದಿರು ಊರಲ್ಲಿಲ್ಲದಾಗ ಮನೆಯ ಜೊತೆಗೆ ಅಂಗಡಿಯ ಮೇಲೂ ಕಣ್ಣಿಟ್ಟು, ಶಾಲೆಯ ಕೆಲಸವನ್ನೂ ನಡೆಸಿದವಳು ಅವಳು. ಚಾರ್ಲಿಗೂ ಅವಳಿಗೂ ಅಷ್ಟಕ್ಕಷ್ಟೆ!

1908ರ ಸೆಪ್ಟೆಂಬರ್ 17ರಂದು ವಿಮಾನ ಅಪ್ಪಳಿಸಿ ಆರ್ವಿಲ್ ತೀವ್ರವಾಗಿ ಗಾಯಗೊಂಡ. ಜೊತೆಗಿದ್ದ ಸೈನ್ಯಾಧಿಕಾರಿ ತೀರಿಕೊಂಡ. ಸುದ್ದಿ ತಿಳಿದೊಡನೆ ಕ್ಯಾಥರೀನ್ ಶಾಲೆಗೆ ರಜೆ ಹಾಕಿ ಓಡಿದಳು. ವಾರಗಟ್ಟಲೆ ಅಣ್ಣನ ಹಾಸಿಗೆಯ ಪಕ್ಕದಲ್ಲಿದ್ದಳು. ಆಮೇಲೆ ಅವಳು ತರಗತಿಗೆ ಹಿಂತಿರುಗಲೇ ಇಲ್ಲ. ಮರುವರ್ಷ ಫ್ರಾನ್ಸಿನಲ್ಲಿ ವಿಲ್ಬರನ ಜೊತೆ ವಿಮಾನದಲ್ಲಿ ಕುಳಿತು ತಾನೂ ಹಾರಿದಳು ಎಂದು ಓದಿದಾಗ ಮನಸ್ಸಿಗೆ ಸಮಾಧಾನವಾಯಿತು. ಆದರೂ ಅವಳು ಬಿಟ್ಟುಬಂದ ಆ ಕರಿಹಲಗೆ ನನ್ನ ಕಣ್ಣಿಂದ ಮರೆಯಾಗಲಿಲ್ಲ. ಸಾವಿರ ಡಾಲರಿನ ಲೆಕ್ಕದಲ್ಲಿ ಅದಕ್ಕೆ ಒಂದು ಸಾಲೂ ಇಲ್ಲ. ನಮ್ಮ ಮನೆಗಳ ಖರ್ಚಿನ ಪುಸ್ತಕದಲ್ಲಿಯೂ ಇಂಥವು ಎಷ್ಟು ಬಿಟ್ಟುಹೋಗಿವೆಯೋ.

ಹದಿನೈದು ದಿನಗಳ ಮೇಲೆ ಆ ಹುಡುಗಿಗೆ ಉತ್ತರ ಹೇಳಿದೆ. "ದುಡ್ಡು ಯಾರೂ ಕೊಡಲಿಲ್ಲ ಮಗು. ಇದ್ದುದರಲ್ಲೇ ಮಾಡಿಕೊಂಡರು. ಆದರೆ ಇಬ್ಬರೇ ಮಾಡಲಿಲ್ಲ." ಕರಿಹಲಗೆಯ ಮೇಲೆ ರೈಟ್ ಸೋದರರ ಕೆಳಗೆ ಚಾರ್ಲಿ ಟೇಲರ್, ಕ್ಯಾಥರೀನ್ ರೈಟ್ ಎಂದು ಬರೆದೆ. "ಇದು ಪರೀಕ್ಷೆಗೆ ಬರುತ್ತಾ ಟೀಚರ್?" ಎಂದಳು. ಬರುವುದಿಲ್ಲ ಎಂದೆ. ಆದರೂ ಬರೆದುಕೊಂಡಳು.