ನರಗುಂದದ ವೀರಗಲ್ಲು, ಹೆಸರಿಲ್ಲದ 1858

ಹುಬ್ಬಳ್ಳಿಯಿಂದ ವಿಜಯಪುರದ ಕಡೆ ಹೋಗುವ ಹೆದ್ದಾರಿಯಲ್ಲಿ ನರಗುಂದ ಬಂತೆಂದರೆ ಮೊದಲು ಕಾಣುವುದು ಗುಡ್ಡ. ಅದರ ಮೇಲೆ ಕೋಟೆ ಇತ್ತು. ಊರಲ್ಲಿರುವ ರೈತರ ವೀರಗಲ್ಲು ಮಾತ್ರ ಜುಲೈ 21 ಬಂದಾಗಲೇ ಹೆಚ್ಚು ಜನರ ಕಣ್ಣಿಗೆ ಬೀಳುವುದು. ಅಂದು ಮಾಲೆ, ಭಾಷಣ, ಕ್ಯಾಮೆರಾ. ಮರುದಿನ ಕಲ್ಲು ಒಂದೇ.

ವೀರಗಲ್ಲು ನಮ್ಮ ಸೀಮೆಗೆ ಹೊಸದಲ್ಲ. ಹಳೇ ಕಲ್ಲುಗಳನ್ನು ಕೆಳಗಿನಿಂದ ಮೇಲೆ ಓದಬೇಕು. ಕೆಳಗೆ ಕಾದಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದ ವೀರ. ಸತ್ತವನು ರಾಜನೇ ಆಗಬೇಕಿರಲಿಲ್ಲ. ಕಳ್ಳರಿಂದ ಊರ ದನ ಬಿಡಿಸಲು ಹೋಗಿ ಸತ್ತವನಿಗೂ ಕಲ್ಲು ನೆಡುತ್ತಿದ್ದರು.

ಈಗ 1858ಕ್ಕೆ ಬರೋಣ. ನರಗುಂದದ ಸಂಸ್ಥಾನಿಕ ಭಾಸ್ಕರರಾವ್ ಭಾವೆಗೆ, ಅಂದರೆ ನಮ್ಮ ಬಾಬಾಸಾಹೇಬರಿಗೆ, ಮಗ ಉಳಿದಿರಲಿಲ್ಲ. ದತ್ತು ತೆಗೆದುಕೊಳ್ಳಲು ಕಂಪನಿ ಸರ್ಕಾರ ಒಪ್ಪಲಿಲ್ಲ. ದತ್ತು ಇಲ್ಲವೆಂದರೆ ಸಂಸ್ಥಾನವೂ ಇಲ್ಲ. ಮೇಲಿಂದ ಆಯುಧ ಒಪ್ಪಿಸಿ ಎಂಬ ಹುಕುಂ. ಮುಂಡರಗಿ ಭೀಮರಾವ್ ಬಂಡೆದ್ದದ್ದೂ ಅದೇ ದಿನಗಳಲ್ಲಿ.

ಪೊಲಿಟಿಕಲ್ ಏಜೆಂಟ್ ಚಾರ್ಲ್ಸ್ ಮ್ಯಾನ್ಸನ್ ರಾಮದುರ್ಗಕ್ಕೆ ಬಂದ. ಅಲ್ಲಿನ ಸಂಸ್ಥಾನಿಕ ಬಾಬಾಸಾಹೇಬರ ಸಂಬಂಧಿಯೇ. ನರಗುಂದದ ಕಡೆ ಹೋಗಬೇಡ ಎಂದು ಅವನೇ ಎಚ್ಚರಿಸಿದ್ದ. ಮ್ಯಾನ್ಸನ್ ಕೇಳಲಿಲ್ಲ. ಮೇ 29ರ ರಾತ್ರಿ ಸುರೇಬಾನದಲ್ಲಿ ಮಲಗಿದ್ದಾಗ ನರಗುಂದದವರು ಅವನ ಮೇಲೆ ಬಿದ್ದರು. ರುಂಡ ಕಡಿದು ತಂದು ನರಗುಂದದ ಅಗಸಿಗೆ ತೂಗುಹಾಕಿದರು. ಇದನ್ನು ನಮ್ಮ ಕಡೆ ಹೆಮ್ಮೆಯಿಂದ ಹೇಳುವವರು ಬಹಳ. ಮಲಗಿದವನನ್ನು ಕೊಂದದ್ದು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು ಎಂಬುದು ನಮ್ಮ ಅಭಿಪ್ರಾಯ.

ಮೂರೇ ದಿನ. ಜೂನ್ 1ಕ್ಕೆ ಕರ್ನಲ್ ಮಾಲ್ಕಮ್‌ನ ಪಡೆ ಗುಡ್ಡದ ಮುಂದೆ ನಿಂತಿತ್ತು. ಬಯಲಿನಲ್ಲಿ ಎದುರಿಸಿದ ನರಗುಂದದ ಪಡೆ ಕುದುರೆ ದಾಳಿಗೆ ಚದುರಿತು. ಕೋಟೆ ಹೋಯಿತು. ಅದೇ ದಿನ ಕೊಪ್ಪಳದ ಕೋಟೆಯಲ್ಲಿ ಭೀಮರಾವ್ ಮತ್ತು ಹಮ್ಮಿಗೆಯ ಕೆಂಚನಗೌಡ ಸತ್ತರು. ತಪ್ಪಿಸಿಕೊಂಡಿದ್ದ ಬಾಬಾಸಾಹೇಬರು ತೊರಗಲ್ಲಿನ ಅಡವಿಯಲ್ಲಿ ಸಿಕ್ಕರು. ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲು.

ಈ ಗುಡ್ಡಕ್ಕೆ ಅದು ಮೊದಲ ಯುದ್ಧವೂ ಅಲ್ಲ. 1785ರಲ್ಲಿ ಟಿಪ್ಪುವಿನ ಪಡೆ ಇದನ್ನು ಮುತ್ತಿತ್ತು. ಆ ಜಗಳ ಬೆಳೆದು 1787ರಲ್ಲಿ ಗಜೇಂದ್ರಗಡದ ಒಪ್ಪಂದಕ್ಕೆ ಮುಗಿಯಿತು.

ಇಷ್ಟು ಕಥೆಯಲ್ಲಿ ಎಷ್ಟು ಹೆಸರು ಬಂದವು ನೋಡಿ. ಸಂಸ್ಥಾನಿಕ, ಗೌಡ, ಏಜೆಂಟ್, ಕರ್ನಲ್. ಬಯಲಿನಲ್ಲಿ ಕುದುರೆ ಕಾಲಿಗೆ ಸಿಕ್ಕವರು ಯಾವ ಊರಿನವರು, ಯಾರ ಮನೆಯವರು? ದನ ಕಾಯಲು ಹೋಗಿ ಸತ್ತವನಿಗೆ ಕಲ್ಲು ನೆಟ್ಟ ಸೀಮೆ ಇದು. ಅವರ ಸುದ್ದಿ ನಾವು ಕೇಳಿದ ಯಾವ ಭಾಷಣದಲ್ಲೂ ಬಂದಿಲ್ಲ.

ಆ ಲೆಕ್ಕದಲ್ಲಿ 1980ರ ಕಲ್ಲು ಬೇರೆ. ಮಲಪ್ರಭೆ ಕಾಲುವೆಯ ನೀರು ಹೊಲಕ್ಕೆ ಸರಿಯಾಗಿ ಬರುವ ಮೊದಲೇ ಅಭಿವೃದ್ಧಿ ಕರದ ನೋಟಿಸು ಬಂದಿತ್ತು. ಜುಲೈ 21ರಂದು ರೈತರು ಕಚೇರಿಗಳ ಮುಂದೆ ಸೇರಿದರು. ಗೋಲಿಬಾರ್ ಆಯಿತು. ನರಗುಂದದಲ್ಲಿ ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ, ನವಲಗುಂದದಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿ ಸತ್ತರು. ಪೊಲೀಸರ ಕಡೆಯೂ ಜೀವ ಹೋಯಿತು. ಆ ಸಿಟ್ಟು ರಾಜ್ಯವೆಲ್ಲ ಹಬ್ಬಿ, ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. 2015ರಲ್ಲಿ ಮಹದಾಯಿ ನೀರಿಗಾಗಿ ಧರಣಿ ಕೂತದ್ದೂ ನರಗುಂದದಲ್ಲೇ.

ವೀರಪ್ಪನವರು ಯಾವ ಸಂಸ್ಥಾನಕ್ಕೂ ಒಡೆಯರಲ್ಲ, ಹೊಲ ಉಳುವವರು. ಅವರ ಹೆಸರು ಉಳಿಯಿತು, ಏಕೆಂದರೆ ಜೊತೆಗಿದ್ದವರು ಬಿಡಲಿಲ್ಲ.

1858ಕ್ಕೆ ತಡವಾಗಿದೆ, ಪೂರಾ ಹೋಗಿಲ್ಲ. ಸುರೇಬಾನ, ನರಗುಂದ, ರೋಣ, ಮುಂಡರಗಿ ಕಡೆಯ ಮನೆಗಳಲ್ಲಿ "ನಮ್ಮ ಮುತ್ತಜ್ಜನ ಅಪ್ಪ ಬಂಡಾಯದಾಗ ಹೋದಾಂವ ತಿರುಗಿ ಬರಲಿಲ್ಲ" ಎಂಬ ಮಾತು ಇದ್ದರೆ, ಹಿರಿಯರನ್ನು ಕೂರಿಸಿ ಹೆಸರು, ಊರು, ಅಡ್ಡಹೆಸರು ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಊರ ಹನುಮಪ್ಪನ ಗುಡಿ ಹಿಂದೆ ಅರ್ಧ ಹೂತ ಕಲ್ಲು ಇದ್ದರೆ ಅದರ ಫೋಟೋನೂ ತೆಗೆಯಿರಿ, ಬೆಳಿಗ್ಗೆ ಓರೆ ಬಿಸಿಲಿದ್ದಾಗ. ಅಕ್ಷರ ಆಗಲೇ ಚೆನ್ನಾಗಿ ಕಾಣುತ್ತವೆ.