ದೇವನಹಳ್ಳಿ ಕೋಟೆಯೊಳಗೊಂದು ಸುತ್ತು

ಏರ್‌ಪೋರ್ಟಿಗೆ ಎಷ್ಟೋ ಸಲ ಹೋಗಿದ್ದೇನೆ. ಅಲ್ಲೇ ಹತ್ತಿರದ ದೇವನಹಳ್ಳಿ ಕೋಟೆಗೆ ಕಾಲಿಟ್ಟದ್ದು ಮಾತ್ರ ಮೊನ್ನೆ ಭಾನುವಾರ!

1501ರಲ್ಲಿ ಮಲ್ಲಬೈರೇಗೌಡರು ಕಟ್ಟಿಸಿದ್ದು ಮಣ್ಣಿನ ಕೋಟೆ. 1749ರಲ್ಲಿ ಮೈಸೂರಿನವರ ವಶವಾಗಿ, ಹೈದರ್-ಟಿಪ್ಪು ಕಾಲದಲ್ಲಿ ಕಲ್ಲಿನದಾಯಿತು. 1791ರಲ್ಲಿ ಕಾರ್ನ್‌ವಾಲಿಸ್ ಗೆದ್ದುಕೊಂಡ.

ಸುಮಾರು 20 ಎಕರೆ, ಮೊಟ್ಟೆಯಾಕಾರ. ಪೂರ್ವ, ಪಶ್ಚಿಮಕ್ಕೆ ಬಾಗಿಲು. ಸುತ್ತ ಅರೆವೃತ್ತದ 12 ಬುರುಜು, ಅವುಗಳಲ್ಲಿ ಇಟ್ಟಿಗೆ-ಗಾರೆಯ ತೋಪಿನ ಕಿಂಡಿಗಳು. ಬುರುಜು ಹೊರಚಾಚಿರುವುದರಿಂದ ಗೋಡೆಯ ಬುಡಕ್ಕೆ ಬಂದ ಶತ್ರುವಿನ ಮೇಲೆ ಪಕ್ಕದಿಂದಲೇ ಗುಂಡು ಹಾರಿಸಬಹುದಿತ್ತು.

ಒಳಗೆ ಇವತ್ತಿಗೂ ಊರಿದೆ. ವೇಣುಗೋಪಾಲಸ್ವಾಮಿ ದೇವಸ್ಥಾನವಿದೆ, ಮನೆಗಳಿವೆ, ಮಕ್ಕಳ ಗಲಾಟೆಯಿದೆ. ನನಗನ್ನಿಸಿದ್ದು ಇಷ್ಟೇ: ಬರೀ ಗೋಡೆ ಉಳಿಸಿದರೆ ಸಾಲದು, ಒಳಗಿನ ಊರೂ ಉಳಿಯಬೇಕು. ಜನರಿಲ್ಲದ ಕೋಟೆ ಬರೀ ಕಲ್ಲುರಾಶಿ. ನೀವೇನಂತೀರಿ?